ಹುಣಸೆ ಇಲ್ಲದ ಊರಿನ ಮಗ್ಗ

ಮೊನ್ನೆ ಹುಣಸೆಹಣ್ಣು ಬಿಡಿಸಿ, ಬೀಜವನ್ನು ಬಾಣಲೆಗೆ ಹಾಕಿ ಹುರಿದೆ. ಯಾಕೆಂದು ಕೇಳಬೇಡಿ, ವಯಸ್ಸಾದ ಮೇಲೆ ಇಂಥ ಹುಚ್ಚು ಬರುತ್ತದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಮ್ಮೂರು ಮತ್ತೋಡಿನಲ್ಲಿ ಅಜ್ಜಿಯ ಮಗ್ಗದ ಮುಂದೆ ಕೂತಂತಾಯಿತು.

ಎಪ್ಪತ್ತರ ದಶಕದ ಮಾತು. ಗಂಡಸರು ಕುರಿಮಂದೆ ಹೊಡೆದುಕೊಂಡು ಊರೂರು ತಿರುಗಿದರೆ, ಅಜ್ಜಿ ಮನೆಯಲ್ಲಿ ಕಂಬಳಿ ನೇಯುತ್ತಿದ್ದಳು. ಇಟಲಿಯಿಂದ ಬಂದು ಹೊಸದುರ್ಗದ ಕಡೆ ದವಾಖಾನೆಯಲ್ಲಿ ನರ್ಸಾಗಿದ್ದ ಸಿಸ್ಟರಮ್ಮ, ಭಾನುವಾರ ಬಸ್ಸಿಳಿದು ಬಂದು ಅವಳ ಪಕ್ಕ ಕೂರುತ್ತಿದ್ದರು. ಅವರದು ಬೆಟ್ಟದ ಮೇಲಿನ ಸಣ್ಣ ಊರಂತೆ. ಕಲ್ಲಿನ ಬೀದಿ, ಚರ್ಚು, ಅದರ ಗಂಟೆ ಎಲ್ಲವೂ ಉಣ್ಣೆ ಮಾರಿ ಕಟ್ಟಿದ್ದಂತೆ. ಹಿಮ ಬೀಳುವ ಕಾಲಕ್ಕೆ ಕುರಿ ಹೊಡೆದುಕೊಂಡು ಬಯಲಿಗೆ ಇಳಿಯುತ್ತಿದ್ದರಂತೆ.

“ಅಲ್ಲೂ ನಮ್ಮೋರೇ ಅವ್ರೆ ಅನ್ನು,” ಎಂದು ಅಜ್ಜಿ ತೀರ್ಮಾನ ಕೊಟ್ಟಳು.

ಒಂದು ಭಾನುವಾರ ಸಿಸ್ಟರಮ್ಮ ಸಪ್ಪಗೆ ಬಂದರು. ಅವರ ಊರಲ್ಲಿ ಕೊನೆಯದಾಗಿ ನೇಯುತ್ತಿದ್ದವರು ಅವರ ತಾಯಿ, ತೀರಿಹೋಗಿದ್ದರು. ಈಗ ಸಿಸ್ಟರಮ್ಮನ ತಮ್ಮ ಆ ಮಗ್ಗ ಹೂಡಿದರೆ ನೂಲು ಪಟಪಟನೆ ಹರಿಯುತ್ತಿತ್ತಂತೆ.

“ಅವ್ವ ನೂಲಿಗೆ ಏನೋ ಬಳೀತಿದ್ಲು ಅಜ್ಜಿ. ಏನಂತ ನಂಗೆ ನೆಪ್ಪಿಲ್ಲ. ಆ ಮಗ್ಗ ನಿಂತ್ರೆ ನಮ್ಮೂರ ನೇಯ್ಗೆ ಅಲ್ಲಿಗೇ ಮುಗೀತು.”

“ಅದಕ್ಯಾಕೆ ಕಣ್ಣೀರು ಹಾಕ್ತೀಯ, ಬರ್ಕಳವ್ವ,” ಎಂದಳು ಅಜ್ಜಿ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಗಂಜಿ ಕಾಯಿಸಿ ನೂಲಿಗೆ ಬಳಿಯುವುದನ್ನು ಹದ ಸಮೇತ ಹೇಳಿದಳು. ಸಿಸ್ಟರಮ್ಮ ತಮ್ಮ ಭಾಷೆಯಲ್ಲಿ ಬರೆದುಕೊಂಡರು. ಕಾಲೇಜು ಓದುತ್ತಿದ್ದ ಜಾಣೆ ನಾನು, ಅವರ ತಮ್ಮನಿಗೆ ಹೋಗುವ ಲಕೋಟೆಗೆ ಸ್ಟಾಂಪು ಅಂಟಿಸಿದೆ.

ತಮ್ಮನ ಉತ್ತರ ಬಂತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: ಹುಣಸೆ ಅಂದರೆ ಏನು?

“ಹುಣಸೆಮರ ಇಲ್ಲದ ಊರೂ ಇರ್ತೈತಾ?” ಅಜ್ಜಿಗೆ ನಂಬಿಕೆಯೇ ಬರಲಿಲ್ಲ. ಸಿಸ್ಟರಮ್ಮ ಮೊದಲು ನಕ್ಕರು, ಆಮೇಲೆ ಸೆರಗಿಲ್ಲದ ಅವರು ತೋಳಿನಲ್ಲೇ ಕಣ್ಣೊರೆಸಿಕೊಂಡರು. “ಬರೆಯೋವಾಗ ನಂಗೂ ಹೊಳೀಲಿಲ್ಲ. ನಮ್ಮೂರೇ ಮರ್ತೋಗೈತೆ ಅಜ್ಜಿ.”

“ಮರ್ತಿಲ್ಲ ಕಣವ್ವ. ಈ ಊರು ರೂಢಿ ಆಗೈತೆ, ಅಷ್ಟೆ.”

ಮುಂದಿನ ರಜೆಗೆ ಹೊರಟ ಅವರಿಗೆ ಅಜ್ಜಿ ಒಂದು ಚೀಲ ಬೀಜ ಹೊರಿಸಿದಳು. ಅಲ್ಲಿ ನೂಲು ಹರಿಯುವುದು ನಿಂತಿತು. ಇಂದಿಗೂ ಆ ಊರ ಹುಡುಗಿಯರು ಬೀಜ ತರಿಸಿ ಅದೇ ಗಂಜಿಯಲ್ಲಿ ನೇಯುತ್ತಾರೆಂದು ಸಿಸ್ಟರಮ್ಮನ ತಮ್ಮನ ಮಗಳು ನನಗೆ ಆಗಾಗ ಬರೆಯುತ್ತಾಳೆ.

ನಮ್ಮಲ್ಲೋ, ಅಜ್ಜಿ ಹೋದ ಮೇಲೆ, ಅವಳು ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿ ಮುಚ್ಚಿ ಫ್ರಿಜ್ಜು ಇಟ್ಟವಳು ನಾನೇ. ಅದನ್ನು ಜಂಬದಿಂದ ಹತ್ತು ಮಂದಿಗೆ ತೋರಿಸಿದ್ದೆ. ಮೊನ್ನೆ ಹುರಿದದ್ದೆಲ್ಲ ಕರಿಯಾಯಿತು. ಎಷ್ಟು ಹೊತ್ತು ಹುರಿಯಬೇಕು, ಎಷ್ಟು ದಿನ ನೆನೆಸಬೇಕು, ಒಂದೂ ಗೊತ್ತಿಲ್ಲ. ನಾಚಿಕೆಯಾಯಿತು, ಅಜ್ಜಿಯ ನೆನಪಾಗಿ ಅಳುವೂ ಬಂತು.

ಇವತ್ತು ಸಿಸ್ಟರಮ್ಮನ ತಮ್ಮನ ಮಗಳಿಗೆ ಕಾಗದ ಬರೆಯಲು ಕೂತಿದ್ದೇನೆ: ನಮ್ಮಜ್ಜಿ ಹೇಗೆ ಮಾಡುತ್ತಿದ್ದಳು, ದಯವಿಟ್ಟು ನನಗೆ ಹೇಳಿಕೊಡಮ್ಮ.