ಗೋಲಿನ ಮುಂದೆ ನಿಂತ ವರ್ಷಗಳು

ಕಾಲೇಜಿನಲ್ಲಿ ನನ್ನನ್ನು ಗೋಲ್‌ಕೀಪರ್ ಮಾಡಿದ್ದು ಎತ್ತರ ನೋಡಿ. ಓಟದಲ್ಲಿ ಹಿಂದೆ ಬೀಳುತ್ತಿದ್ದೆ, ಆದರೆ ಜಿಗಿದರೆ ಗೋಲಿನ ಅಡ್ಡಗಂಬಿ ಕೈಗೆ ಸಿಗುತ್ತಿತ್ತು. ದಾವಣಗೆರೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಸಂಜೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಮಣ್ಣಿನ ಮೈದಾನದಲ್ಲಿ ಹಾರಿ ಬೀಳುವುದನ್ನು ಕಲಿತದ್ದು ಅವರಿಂದ. ಡಿಗ್ರಿ ಮುಗಿಯುವ ಹೊತ್ತಿಗೆ ಜಿಲ್ಲಾ ತಂಡದ ಗೋಲು ನನ್ನದಾಗಿತ್ತು.

ಆಮೇಲೆ ಮದುವೆಯಾಗಿ ಹರಿಹರಕ್ಕೆ ಬಂದೆ. ಗಂಡ ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಹುಟ್ಟಿದ ಮೇಲೆ ಗ್ಲೌಸು ಟ್ರಂಕಿನ ತಳ ಸೇರಿತು. ಆಟ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದರು, ನಾನೂ.

ಮಗಳು ಅಂಬೆಗಾಲಿಡುತ್ತಿದ್ದಾಗ ಒಂದು ದಿನ ಸಾಹೇಬರು ಮನೆಗೆ ಬಂದರು. ರಾಜ್ಯಮಟ್ಟದ ಪಂದ್ಯಾವಳಿ ಆ ಸಲ ದಾವಣಗೆರೆಯಲ್ಲೇ ಇತ್ತು, ತಂಡದ ಗೋಲ್‌ಕೀಪರ್ ಕೈ ಮುರಿದುಕೊಂಡಿದ್ದಳು. ಅವರು ನನ್ನನ್ನು ಕೇಳಲೇ ಇಲ್ಲ. ನೇರವಾಗಿ ಅತ್ತೆಗೆ ಹೇಳಿದರು: “ಅಮ್ಮಾರೆ, ನಿಮ್ ಸೊಸೀನ ಸ್ವಲ್ಪ ದಿನ ನಮಗ ಕೊಡ್ರಿ.”

ಅತ್ತೆ ನನ್ನತ್ತ ತಿರುಗಿದರು. “ಅಲ್ಲಿ ನಿಂದೇನು ಕೆಲ್ಸ?”

“ಬಂದ ಚೆಂಡು ಒಳಗ ಬಿಡಬಾರ್ದು, ಅತ್ತಿ.”

“ಆಮ್ಯಾಲೆ?”

“ಅಷ್ಟೇ.”

“ಹಂಗಾರ ಹೋಗು. ಮಗೀನ ನಾನು ನೋಡ್ಕಂತೀನಿ.”

ಬೆಳಿಗ್ಗೆ ಅಡುಗೆ ಮುಗಿಸಿ ಹಿತ್ತಲ ಗೋಡೆಗೆ ಚೆಂಡು ಹೊಡೆದು ಹಿಡಿಯತೊಡಗಿದೆ. ಎರಡು ದಿನ ನೋಡಿದ ಅತ್ತೆ ಮೂರನೆಯ ದಿನ ಸೆರಗು ಸಿಕ್ಕಿಸಿ ಎದ್ದು ಬಂದರು. “ಗೋಡಿಗ್ಯಾಕ ಹೊಡಿತೀಯ? ಇಲ್ಲಿ ಕೊಡು.” ಅವರು ತವರೂರು ಬಾತಿಯ ಹೊಲದಲ್ಲಿ ಕವಣೆ ಬೀಸಿ ಜೋಳಕ್ಕೆ ಬಂದ ಹಕ್ಕಿ ಓಡಿಸುತ್ತ ಬೆಳೆದವರು. ಮೊದಲ ಚೆಂಡು ನನ್ನ ಹೆಗಲ ಪಕ್ಕದಿಂದ ಹಾದು ಬಟ್ಟೆ ನೆನೆಸಿದ್ದ ಬಕೆಟ್ಟಿಗೆ ಬಿತ್ತು. “ಬಿಟ್ಟಿ ನೋಡು,” ಎಂದು ಬಾಯ್ತುಂಬ ನಕ್ಕರು. ಅಂದಿನಿಂದ ದಿನಾ ನಮ್ಮಿಬ್ಬರ ಆಟ. ಅವರು ಎಸೆಯುವುದು, ನಾನು ಹಾರುವುದು, ಮಗಳು ಕಟ್ಟೆಯ ಮೇಲೆ ಕೂತು ಕೇಕೆ ಹಾಕುವುದು.

ಫೈನಲ್‌ವರೆಗೂ ಬಂದೆವು. ಎದುರಿಗೆ ದೊಡ್ಡ ಊರಿನ ತಂಡ. ಆಟ ಸಮವಾಗಿ ಪೆನಾಲ್ಟಿಗೆ ಬಂತು, ಎರಡೂ ತಂಡಕ್ಕೆ ಐದೈದು ಒದೆತ. ಅತ್ತೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಗೋಲಿನ ಹಿಂದೆ ಬಂದು ನಿಂತಿದ್ದರು, ಬ್ಯಾಡ ಅಂದ ಪೊಲೀಸಿನವನ ಮಾತು ಕೇಳದೆ.

ನಮ್ಮ ಮೊದಲ ನಾಲ್ವರಲ್ಲಿ ಒಬ್ಬಳು ಮಾತ್ರ ಚೆಂಡನ್ನು ಹೊರಗೆ ಹೊಡೆದಳು. ಅವರು ಮೊದಲ ಮೂರನ್ನೂ ಗೋಲು ಮಾಡಿದರು. ನಾಲ್ಕನೆಯದು ನೆಲಕ್ಕೆ ಹತ್ತಿ ಎಡಕ್ಕೆ ಬಂತು, ಎದೆಗವುಚಿ ಹಿಡಿದೆ. ಸರಿಸಮವಾಯಿತು. ನಮ್ಮ ಕೊನೆಯದು ಗೋಲಾಯಿತು. ಇನ್ನು ಉಳಿದದ್ದು ಅವರ ನಾಯಕಿ. ಅವಳು ಬಲಮೂಲೆಗೆ ಎತ್ತರವಾಗಿ ಹೊಡೆದಳು. ಹಾರಿದೆ. ಚೆಂಡು ಬೆರಳ ತುದಿಗೆ ತಾಗಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು.

ಮಣ್ಣಲ್ಲಿ ಬಿದ್ದಿದ್ದ ನನಗೆ ಮೊದಲು ಕೇಳಿದ್ದು ಅತ್ತೆಯ ಧ್ವನಿ. “ಇನ್ನೂ ಹೊಡಿತಾರೇನು?”

“ಇಲ್ಲ ಅತ್ತಿ. ಗೆದ್ವಿ.”

“ಹಂಗಾರ ಮಗೀನ ತಗೋ.”

ಮಗಳನ್ನು ಎತ್ತಿಕೊಂಡೆ. ಕೈ ಬಿಡುವಾದದ್ದೇ ತಡ, ಅತ್ತೆ ಜೋರಾಗಿ ಚಪ್ಪಾಳೆ ಹೊಡೆಯತೊಡಗಿದರು. ಸಾಹೇಬರು ಮೈದಾನದ ನಡುವೆ ಕೂತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು.

ಆ ವರ್ಷವೇ ರಾಜ್ಯ ತಂಡಕ್ಕೆ ಆಯ್ಕೆಯಾದೆ. ರೈಲು ಹತ್ತಿ ಕಾಣದ ಊರುಗಳನ್ನು ಕಂಡೆ, ಗೆದ್ದೆ, ಸೋತೆ. ಮೊಣಕಾಲು ಕೈಕೊಡುವವರೆಗೆ ಆಡಿದೆ. ಈಗ ದಾವಣಗೆರೆಯ ಆನೆಕೊಂಡದ ಹುಡುಗಿಯರಿಗೆ ಬೀಳುವುದನ್ನು ಕಲಿಸುತ್ತೇನೆ. ನಾನು ಆಡಿದ ಕೊನೆಯ ಪಂದ್ಯ ಹರಿಹರದಲ್ಲೇ ನಡೆಯಿತು. ಕಾಲಿಗೆ ಪಟ್ಟಿ ಬಿಗಿದು ಪೂರ್ತಿ ಹೊತ್ತು ನಿಂತೆ. ಅವತ್ತು ಒಂದು ಗೋಲೂ ಬಿಡಲಿಲ್ಲ.