ಅಣ್ಣನಿಗೆ ತಂದ ರೆಕಾರ್ಡು

ಹಿರಿಯೂರಿನಲ್ಲಿ ನನ್ನ ಅಣ್ಣನದು ಮೈಕ್ ಸೆಟ್ ಅಂಗಡಿ. ತೊಂಬತ್ತರ ದಶಕದ ಕೊನೆಗೆ ಎಲ್ಲರೂ ಕ್ಯಾಸೆಟ್ಟಿಗೆ ತಿರುಗಿದ್ದರೂ ಅವನು ಅಪ್ಪನ ಕಾಲದ ರೆಕಾರ್ಡ್ ಪ್ಲೇಯರನ್ನು ಒರೆಸಿ ಇಟ್ಟುಕೊಂಡಿದ್ದ. ದೇವರ ಹಾಡು ರೆಕಾರ್ಡಿನಲ್ಲೇ ಬರಬೇಕು ಅನ್ನುವ ಮುದುಕರು ಧರ್ಮಪುರದ ಕಡೆ ಇನ್ನೂ ಇದ್ದರು.

ಅವನ ಸ್ವಂತ ಹುಚ್ಚು ಮಾತ್ರ ಬೇರೆ. ಚಿತ್ರದುರ್ಗದ ಅಂಗಡಿಯೊಂದರಲ್ಲಿ ಯಾವುದೋ ವಿದೇಶಿ ತಂಡದ ಎರಡನೇ ಆಲ್ಬಮ್ಮಿನ ಕ್ಯಾಸೆಟ್ ಸಿಕ್ಕಿತ್ತು. ಹೊದಿಕೆಯ ಮೇಲೆ ನಾಲ್ವರು ಗಂಡಸರು: ಕಣ್ಣಿಗೆ ದಪ್ಪ ಕಾಡಿಗೆ, ತುಟಿಗೆ ಬಣ್ಣ, ಮಿಂಚುವ ಬಿಗಿ ಅಂಗಿ. ಹಾಡುವುದಕ್ಕಿಂತ ಕಿರುಚುವುದೇ ಹೆಚ್ಚು. ಒಂದಕ್ಷರ ನಮಗೆ ಅರ್ಥವಾಗುತ್ತಿರಲಿಲ್ಲ. ಆದರೂ ಆ ಗಿಟಾರ್ ಶುರುವಾದರೆ ಅಣ್ಣ ಬೇರೆಯೇ ಮನುಷ್ಯ. ನನ್ನ ಕಾಡಿಗೆ ಡಬ್ಬಿ ಇಸಕೊಂಡು, ಅಂಗಡಿಯ ಕನ್ನಡಿ ಮುಂದೆ ನಿಂತು ತೀಡಿಕೊಂಡು, "ಹೆಂಗೈತೆ?" ಅನ್ನುತ್ತಿದ್ದ. ಚೆನ್ನಾಗಿಯೇ ಇರುತ್ತಿತ್ತು. ಅಷ್ಟು ಖುಷಿಯಾಗಿರುವ ಗಂಡಸನ್ನು ನಾನು ನಮ್ಮ ವಂಶದಲ್ಲೇ ನೋಡಿರಲಿಲ್ಲ.

ಮದುವೆಯೆಂದರೆ ಮೈಕಿನವರು ನಸುಕಿಗೇ ಹೋಗಿ ಮರಕ್ಕೆ ಹಾರ್ನ್ ಕಟ್ಟಬೇಕು. ಮೊದಲು ದೇವರ ಹಾಡು. ಮುಹೂರ್ತಕ್ಕೆ ಹಾಡು ನಿಲ್ಲಿಸಿ, ಮೈಕಿನ ಗುಂಡಿ ಒತ್ತಿ, ಗಟ್ಟಿಮೇಳವನ್ನು ಊರಿಗೆಲ್ಲ ಕೇಳಿಸಬೇಕು. ಧರ್ಮಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅಣ್ಣ ಆ ಗುಂಡಿ ಬಿಟ್ಟು ಪಕ್ಕದ ಟೇಪಿನ ಗುಂಡಿ ಒತ್ತಿಬಿಟ್ಟ. ಬೆಳಿಗ್ಗೆ ಹಾರ್ನ್ ಪರೀಕ್ಷೆಗೆ ಹಾಕಿದ್ದ ಆ ಕ್ಯಾಸೆಟ್ ಅಲ್ಲೇ ಇತ್ತು; ಆಗ ತೀಡಿಕೊಂಡಿದ್ದ ಕಾಡಿಗೆಯೂ ಅವನ ಕಣ್ಣಲ್ಲೇ ಇತ್ತು. ತಾಳಿ ಕಟ್ಟುವ ಹೊತ್ತಿಗೆ ಊರೆಲ್ಲ ಆ ಕಿರುಚಾಟ. ಮದುಮಗಳು ನನ್ನ ಜೊತೆ ಓದಿದವಳಾದ್ದರಿಂದ ನಾನೂ ಹೋಗಿದ್ದೆ. ಮೊದಲು ಎಲ್ಲರೂ ನಕ್ಕರು.

"ಯಾವನಲೇ ಇದನ್ನ ಹಾಕಿದ್ದು?" ಅಂತ ನುಗ್ಗಿ ಬಂದ ಮದುಮಗಳ ಸೋದರಮಾವ ಅಣ್ಣನ ಮುಖ ನೋಡಿ ನಿಂತ. "ಏನಲೇ ಅದು ಕಣ್ಣಿಗೆ? ಹೆಂಗಸೇನಲೇ ನೀನು?"

ಅಲ್ಲಿಗೆ ಹಾಡಿನ ಮಾತು ಮುಗಿಯಿತು. ಕೆಲವರು ಅವನನ್ನು ದನದ ತೊಟ್ಟಿಗೆ ಎಳೆದೊಯ್ದು, ಪಾತ್ರೆ ತಿಕ್ಕುವ ಬೂದಿಯಲ್ಲಿ ಮುಖ ತಿಕ್ಕಿದರು. ನಾನು ಅಡ್ಡ ಹೋದರೆ ಹೆಂಗಸರು ನನ್ನ ರಟ್ಟೆ ಹಿಡಿದು ಕೂರಿಸಿದರು. ಒಬ್ಬರಾದರೂ ಬೇಡ ಅನ್ನಲಿಲ್ಲ. ಆಮೇಲೆ "ಉಂಡ್ಕಂಡ್ ಹೋಗ್ರಿ" ಅಂತ ಊಟಕ್ಕೆ ಕರೆದರು, ಬಲು ಮರ್ಯಾದೆಯಿಂದ. ಅವರ ಮರ್ಯಾದೆಗಿಷ್ಟು ಬೆಂಕಿ ಹಾಕ.

ಮನೆಗೆ ಬಂದವನೇ ಅಣ್ಣ ಕ್ಯಾಸೆಟ್ಟಿನ ಟೇಪನ್ನೆಲ್ಲ ಎಳೆದು ಒಲೆಗೆ ಹಾಕಿದ. ಮೀಸೆ ಬಿಟ್ಟ, ಮದುವೆಯಾದ, ಮಾತು ಕಮ್ಮಿ ಮಾಡಿದ. ಜನ "ಈಗ ದಾರಿಗೆ ಬಂದ" ಅಂದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸುಮಾರು ಹತ್ತು ವರ್ಷದ ಮೇಲೆ, ಮಾರಿಕಣಿವೆಯಲ್ಲಿ ಟೀಚರ್ ಆಗಿದ್ದ ನಾನು ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಅಂಗಡಿಯೊಂದರ ಗಾಜಿನ ಹಿಂದೆ ಅದೇ ನಾಲ್ಕು ಮುಖ ಕಂಡೆ. ಅದೇ ಎರಡನೇ ಆಲ್ಬಮ್ಮನ್ನು ದೊಡ್ಡ ಕರಿ ರೆಕಾರ್ಡಾಗಿ ಮತ್ತೆ ಬಿಟ್ಟಿದ್ದರು. "ಈಗ ಇದೇ ಫ್ಯಾಷನ್ ಮೇಡಂ," ಅಂದ ಅಂಗಡಿಯವನು. ಈ ಫ್ಯಾಷನ್ ಹತ್ತು ವರ್ಷ ಮೊದಲೇ ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು ಅಂತ ಮನಸ್ಸಿನಲ್ಲೇ ಬೈದು, ದುಡ್ಡು ಕೊಟ್ಟು ತಂದೆ. ಅಣ್ಣನ ಪ್ಲೇಯರ್ ಇನ್ನೂ ಇತ್ತಲ್ಲ. ಒಂದೇ ಒಂದು ಸಲ ನನಗೆ ಆ ಹಳೆಯ ಅಣ್ಣನನ್ನು ನೋಡಬೇಕಿತ್ತು.

ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಣ್ಣ ಹೊದಿಕೆ ನೋಡಿದ. ಅಂಚಿಗಷ್ಟೇ ಬೆರಳು ತಾಗಿಸಿ ರೆಕಾರ್ಡನ್ನು ಇಟ್ಟು, ಮುಳ್ಳು ಇಳಿಸಿದ. ರೆಕಾರ್ಡ್ ತಿರುಗಿತು, ಹಾಡು ಕೇಳಲಿಲ್ಲ.

"ಆಂಪ್ಲಿಫೈಯರ್ ಹಾಕಣ್ಣ," ಅಂದೆ.

"ಬ್ಯಾಡ. ರೋಡಿಗೆ ಕೇಳ್ತೈತೆ."

ಬಗ್ಗಿ ಮುಳ್ಳಿನ ಹತ್ತಿರ ಕಿವಿ ಇಟ್ಟ. ಆಂಪ್ಲಿಫೈಯರ್ ಇಲ್ಲದಿದ್ದರೂ ಮುಳ್ಳು ತಾನಾಗಿ ಸಣ್ಣಗೆ ಹಾಡುತ್ತದೆ, ಸೊಳ್ಳೆ ಗುಂಯ್ ಅಂದಷ್ಟು. ಊರಿಗೆಲ್ಲ ಕೇಳುವಂತೆ ಹಾರ್ನ್ ಕಟ್ಟುವವನು ಕಣ್ಣು ಮುಚ್ಚಿಕೊಂಡು ಅಷ್ಟನ್ನೇ ಕೇಳುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಅರ್ಥವಾಗದ ಆ ಮಾತುಗಳಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಹೊಸದುರ್ಗ ರೋಡಿನ ಹಳ್ಳಿಯಿಂದ ಮದುವೆಗೆ ಮೈಕ್ ಹೇಳಲು ಇಬ್ಬರು ಮೆಟ್ಟಿಲು ಹತ್ತಿದರು. ಅಣ್ಣ ಮುಳ್ಳೆತ್ತಿ, "ಬರ್ರಿ, ಕುಂತ್ಕಳ್ರಿ," ಅಂದ. ಅವರಲ್ಲೊಬ್ಬ ಹೊದಿಕೆ ಎತ್ತಿ ನೋಡಿ, "ಯಾವುವ್ರೀ ಇವು ಕೋಡಂಗಿಗಳು?" ಅಂತ ನಕ್ಕ.

"ನಂದಲ್ಲ. ನಮ್ ತಂಗೀದು," ಅಂದ ಅಣ್ಣ. ರೆಕಾರ್ಡನ್ನು ಹೊದಿಕೆಗೆ ಸೇರಿಸಿ ನನ್ನ ಕೈಗಿಟ್ಟ. "ತಗಂಡೋಗು, ಮನೇಲಿ ಕೇಳ್ಕೋ."

ನನ್ನ ಮನೆಯಲ್ಲಿ ರೆಕಾರ್ಡ್ ಹಾಕುವ ಮಷೀನಿಲ್ಲವೆಂದು ಅವನಿಗೆ ಗೊತ್ತಿತ್ತು.