ಎರಡು ಗಂಟೆಯ ಸೈರನ್

ಮೊನ್ನೆ ಆಲ್ಕೊಳದ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗಳು ಹೊಸ ಕಾಲೇಜಿನ ಅರ್ಜಿಯೊಂದನ್ನು ನನ್ನ ಮುಂದೆ ಹಿಡಿದಳು. ‘ಚಿಕ್ಕಮ್ಮ, ಜೀವನದ ಗುರಿ ಬರೀಬೇಕಂತೆ, ಪಠ್ಯೇತರ ಚಟುವಟಿಕೆ ಬರೀಬೇಕಂತೆ. ನೀವೇನು ಬರ್ದಿದ್ರಿ?’

ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ, ಮೊದಲ ವರ್ಷದ ಬಿಎಸ್ಸಿ. ಗುರಿಯ ಜಾಗದಲ್ಲಿ ‘ಬ್ಯಾಂಕ್ ಅಧಿಕಾರಿ’ ಎಂದು ತುಂಬಿದ್ದೆ. ಗುರಿ ಅಪ್ಪನದು, ಅಕ್ಷರ ಮಾತ್ರ ನನ್ನದು. ಚಟುವಟಿಕೆಗೆ ಸ್ವಲ್ಪ ಯೋಚಿಸಬೇಕಾಯಿತು. ನಾನು ಹಾಡಿದರೆ ಮನೆಯವರೇ ರೇಡಿಯೊ ಜೋರು ಮಾಡುತ್ತಿದ್ದರು. ಎನ್‌ಸಿಸಿಗೆ ನಸುಕಿನಲ್ಲೇ ಏಳಬೇಕು. ಉಳಿದದ್ದು ಎನ್ನೆಸ್ಸೆಸ್. ಪಕ್ಕದ ಮನೆಯ ಸೆಲ್ವಿಯೂ ಸೇರಿದಳು: ‘ಕ್ಯಾಂಪಲ್ಲಿ ದಿನಾ ಕೇಸರಿಬಾತ್ ಅಂತೆ ಕಣೇ!’

ಕಾರ್ಖಾನೆ ಊರಿನ ನಮ್ಮ ಒಂದು ಅಭ್ಯಾಸ ನಿಮಗೆ ಹೇಳಬೇಕು. ಪಾಳಿ ಬದಲಾಗುವ ಸೈರನ್ ಕೂಗಿದರೆ ಇಡೀ ಊರು ಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಿತ್ತು. ಆರರ ಸೈರನ್‌ಗೆ ಹಾಲು ಒಲೆಯ ಮೇಲೆ, ಎರಡರದಕ್ಕೆ ಅಪ್ಪನ ಊಟಕ್ಕೆ ತಟ್ಟೆ. ಗಡಿಯಾರ ತಪ್ಪಬಹುದು, ಸೈರನ್ ತಪ್ಪುವುದುಂಟೇ?

ಕ್ಯಾಂಪ್ ನಡೆದದ್ದು ಭದ್ರಾ ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ, ಅಣೆಕಟ್ಟೆಗೆ ಹತ್ತಿರ. ಮೂರನೆಯ ದಿನ ಊಟ ಮುಗಿಸಿ ಮೊಣಕಾಲುದ್ದದ ನೀರಿನಲ್ಲಿ ಮಣ್ಣು ಹೊತ್ತ ಬುಟ್ಟಿಗಳನ್ನು ತೊಳೆಯುತ್ತಿದ್ದೆವು. ಸೆಲ್ವಿ ಹೊಳೆಯ ನಡುವಿನ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಸೈರನ್ ಕೂಗಿತು.

‘ಏನೇ ಅದು?’ ಶಿವಮೊಗ್ಗದ ಸವಳಂಗ ರಸ್ತೆಯಿಂದ ಕಾಲೇಜಿಗೆ ಬರುತ್ತಿದ್ದ ಸಹಪಾಠಿ ಶೋಭಾ ಬೆಚ್ಚಿದಳು.

‘ನಮ್ಮ ಫ್ಯಾಕ್ಟರಿದು ಮಾರಾಯ್ತಿ, ಎರಡು ಗಂಟೆ ಆಯ್ತು,’ ಎಂದೆ, ಬಹಳ ಗತ್ತಿನಿಂದ. ನನ್ನ ವಾಚಿನಲ್ಲಿ ಎರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸರಿಯಾಗಿದ್ದ ಆ ವಾಚನ್ನು ಹತ್ತು ನಿಮಿಷ ಮುಂದೆ ತಿರುಗಿಸಿದೆ. ಕಾರ್ಖಾನೆ ಅಲ್ಲಿಂದ ಎಷ್ಟೋ ಮೈಲಿ ಆಚೆ ಇದೆಯೆಂಬುದು ಹೊಳೆಯಲೇ ಇಲ್ಲ.

ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ಎತ್ತಿ ಕಿರುಚಿದಳು: ‘ಕಿವಿ ಕೇಳ್ಸಲ್ವೇನ್ರೇ? ಡ್ಯಾಮಿನ ನೀರು ಬಿಟ್ರು! ಮ್ಯಾಲೆ ಹತ್ರೇ!’

ನಾವು ಓಡಿ ದಡ ಹತ್ತಿ ತಿರುಗಿ ನೋಡುವಷ್ಟರಲ್ಲಿ ನೀರಿನ ಬಣ್ಣ ಬದಲಾಗಿತ್ತು. ಬುಟ್ಟಿಗಳು ತೇಲಿ ಹೋದವು. ಸೆಲ್ವಿ ಇನ್ನೂ ಬಂಡೆಯ ಮೇಲೇ ಇದ್ದಳು. ಆ ಹೆಂಗಸು ಹೊರೆ ಕಟ್ಟುವ ಹಗ್ಗ ಎಸೆದಳು. ಸೆಲ್ವಿ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಇಳಿದವಳೇ ಜಾರಿದಳು. ನಮ್ಮ ಕೈಯಲ್ಲಿ ಹಗ್ಗ ಜಗ್ಗುತ್ತಿತ್ತು, ಕಣ್ಣಿಗೆ ಸೆಲ್ವಿ ಇರಲಿಲ್ಲ. ಆ ಗಳಿಗೆ ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಮರಳಿ ಬರುತ್ತದೆ. ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಅವಳ ಜಡೆ ಕಂಡಿತು. ಎಳೆದೆವು. ನೀರು ಕಾರಿಕೊಂಡು ಅವಳು ಆಡಿದ ಮೊದಲ ಮಾತು, ‘ಅಮ್ಮಂಗೆ ಹೇಳ್ಬೇಡ್ರೇ.’

ತಿಂಗಳಾದ ಮೇಲೆ ಒಬ್ಬಳೇ ಅಣೆಕಟ್ಟೆಗೆ ಹೋದೆ. ಗೇಟು ತೆರೆದ ನೀರು ಆ ಹಳ್ಳಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಅಲ್ಲಿನ ನೌಕರರೊಬ್ಬರನ್ನು ಕೇಳಿದೆ. ‘ಯಾಕಮ್ಮಾ, ಪ್ರಾಜೆಕ್ಟಾ?’ ಎಂದರು. ಹೌದೆಂದು ಸುಳ್ಳು ಹೇಳಿದೆ. ಇಳಿಜಾರು, ಆಳ, ವೇಗ ಎಂದು ಅವರು ಕ್ಯಾಲೆಂಡರಿನ ಬೆನ್ನಿಗೆ ಗೀಚುತ್ತ ಹೋದಂತೆ ನನ್ನ ಪ್ರಶ್ನೆಗಳು ಮುಗಿಯಲೇ ಇಲ್ಲ. ಕೊನೆಯ ಬಸ್ಸು ತಪ್ಪುವುದರಲ್ಲಿತ್ತು. ಅರ್ಜಿಯಲ್ಲಿದ್ದ ಬ್ಯಾಂಕ್ ಅಧಿಕಾರಿ ಅಲ್ಲಿಯೇ ಉಳಿದರು. ಈಗ ನಾನು ಭೌತಶಾಸ್ತ್ರ ಕಲಿಸುತ್ತೇನೆ.

ಎಲ್ಲ ಕೇಳಿಸಿಕೊಂಡ ಅಕ್ಕನ ಮಗಳು ಪೆನ್ನು ಕೆಳಗಿಟ್ಟಳು. ‘ಎರಡು ಗಂಟೆ ಅಂತ ಹೇಳಿದ್ದು ನೀವೇ ಅಂತ ಸೆಲ್ವಿ ಆಂಟಿಗೆ ಗೊತ್ತಾ?’

ಗೊತ್ತಿರಲಿಲ್ಲ. ಇಷ್ಟು ವರ್ಷ ಹೇಳುವ ಧೈರ್ಯ ಬಂದಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಕಡೆ ಸೆಲ್ವಿ ನಕ್ಕಳು. ‘ನಿನ್ನ ಮಾತು ಬಂಡೆ ತನಕ ಎಲ್ಲಿ ಕೇಳ್ಸುತ್ತೆ ಮಾರಾಯ್ತಿ? ನಾನೂ ಎರಡು ಗಂಟೆ ಅಂತಾನೇ ವಾಚ್ ತಿರುಗಿಸ್ತಾ ಇದ್ದೆ. ಆ ಹೆಂಗ್ಸು ಕೂಗಿದಾಗ ತಲೆ ಎತ್ತಲಿಲ್ಲ ನೋಡು, ಅದಕ್ಕೇ. ನಾಚಿಕೆಗೆ ಯಾರಿಗೂ ಹೇಳಿಲ್ಲ.’

ನನ್ನ ನೆನಪಿನ ಸೆಲ್ವಿ ಇಷ್ಟು ಕಾಲ ಯಾರದೆಂದು ತಿಳಿಯದೆಯೇ ನನ್ನ ಮಾತು ನಂಬಿ ಬಂಡೆಯ ಮೇಲೆ ಸುಮ್ಮನೆ ಕುಳಿತಿದ್ದಳು. ಈಗ ಅವಳು ತಲೆ ಬಗ್ಗಿಸಿ, ನಾಲಗೆ ಕಚ್ಚಿಕೊಂಡು, ಬಲು ಶ್ರದ್ಧೆಯಿಂದ ವಾಚಿನ ಕೀ ತಿರುಗಿಸುತ್ತಿದ್ದಾಳೆ.